ಪಾಠದ ಮುಕ್ಕಾಲು ಗಂಟೆ ಮತ್ತು ಉಳಿದ ಸಂಜೆ: ಡಿಸ್ಲೆಕ್ಸಿಯಾ ಇರುವ ಮಕ್ಕಳ ಕೇಂದ್ರವೊಂದರಲ್ಲಿ ಒಂದು ವರ್ಷ

ಮೂರನೆಯ ತರಗತಿಯಲ್ಲಿರುವ ನಮ್ಮ ಮಗ ಒಂದು ವರ್ಷದಿಂದ ಡಿಸ್ಲೆಕ್ಸಿಯಾ (ಬುದ್ಧಿಗೆ ಕೊರತೆಯಿಲ್ಲದಿದ್ದರೂ ಓದು ಬರಹ ಕಲಿಯುವುದರಲ್ಲಿ ಎದುರಾಗುವ ತೊಡಕು) ಇರುವ ಮಕ್ಕಳಿಗೆಂದೇ ನಡೆಯುವ ಕಲಿಕಾ ಕೇಂದ್ರವೊಂದಕ್ಕೆ ಹೋಗುತ್ತಿದ್ದಾನೆ. ವಾರಕ್ಕೆ ಮೂರು ದಿನ ಶಿಕ್ಷಕಿಯೊಬ್ಬರು ಅವನೊಬ್ಬನನ್ನೇ ಕೂರಿಸಿಕೊಂಡು 45 ನಿಮಿಷ ಪಾಠ ಮಾಡುತ್ತಾರೆ. ಇದಲ್ಲದೆ ವಾರದ ಐದೂ ದಿನ ಶಾಲೆ ಬಿಟ್ಟ ಹೊತ್ತಿನಿಂದ ನಾವು ಕೆಲಸ ಮುಗಿಸಿ ಬರುವವರೆಗೆ, ಅಂದರೆ ಸುಮಾರು ಎರಡೂವರೆ ಗಂಟೆ, ಅವನನ್ನು ನೋಡಿಕೊಳ್ಳುವ ವ್ಯವಸ್ಥೆಯೂ ಅಲ್ಲಿಯೇ ಇದೆ. ಸೇರಿಸುವಾಗ ನಮಗೆ ಬೇಕಾಗಿದ್ದುದು ಪಾಠ ಮಾತ್ರ. ಸಂಜೆಯ ಆರೈಕೆಯನ್ನು ನಮ್ಮ ಅನುಕೂಲಕ್ಕೆಂದು ಜೊತೆಗೆ ತೆಗೆದುಕೊಂಡಿದ್ದೆವು. ಈಗ ಯಾರಾದರೂ ಈ ಸೇವೆಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಯಾವುದು ಎಂದು ಕೇಳಿದರೆ, ಪಾಠ ಹೇಳುವವರೂ ಸಂಜೆ ನೋಡಿಕೊಳ್ಳುವವರೂ ಒಂದೇ ಪುಸ್ತಕದಲ್ಲಿ ಬರೆಯುತ್ತಾರೆ, ಪರಸ್ಪರ ಬರೆದದ್ದನ್ನು ಓದುತ್ತಾರೆ ಎಂಬುದನ್ನೇ ಮೊದಲು ಹೇಳುತ್ತೇನೆ.

ಇಲ್ಲಿಗೆ ಬರುವ ಮುನ್ನ ಅವನು ಎರಡು ವರ್ಷ ಸಾಮಾನ್ಯ ಟ್ಯೂಷನ್ನಿಗೆ ಹೋಗುತ್ತಿದ್ದ. ತಪ್ಪಿದ ಪದವನ್ನು ಹತ್ತು ಸಲ ಬರೆಸುವುದು ಅಲ್ಲಿನ ಕ್ರಮ. ಅವನು ಒಂದೂ ಬಿಡದೆ ಹತ್ತು ಸಲ ಬರೆಯುತ್ತಿದ್ದ. ಆದರೆ ಮೊದಲ ಮೂರು ಸಾಲು ಸರಿಯಿದ್ದರೆ ಏಳನೆಯದರ ಹೊತ್ತಿಗೆ ದೀರ್ಘ ಹೋಗಿರುತ್ತಿತ್ತು, ಒಂಬತ್ತನೆಯದರಲ್ಲಿ ಒತ್ತಕ್ಷರವೇ ಬೇರೆಯಾಗಿರುತ್ತಿತ್ತು. ಮನೆಯಲ್ಲಿ ಪಾಠವನ್ನು ಒಮ್ಮೆ ನಾವು ಓದಿ ಹೇಳಿದರೆ ಸಾಕು, ಪುಸ್ತಕ ನೋಡಿಕೊಂಡು ತಡವರಿಸದೆ ಒಪ್ಪಿಸುತ್ತಿದ್ದ. ಅವನ ಬೆರಳು ಒಂದು ಸಾಲಿನ ಮೇಲೆ, ಬಾಯಿ ಇನ್ನೊಂದು ಸಾಲಿನಲ್ಲಿ ಇರುವುದನ್ನು ನಾನು ಗಮನಿಸಿದ್ದು ಬಹಳ ತಡವಾಗಿ. 1896ರಲ್ಲಿ ಪ್ರಿಂಗಲ್ ಮಾರ್ಗನ್ ಎಂಬ ಇಂಗ್ಲಿಷ್ ವೈದ್ಯರು ಓದಲಾಗದ ಹದಿನಾಲ್ಕು ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಇಡೀ ಶಾಲೆಯಲ್ಲಿ ಅವನೇ ಜಾಣನಾಗುತ್ತಿದ್ದ ಎಂದು ಆ ಹುಡುಗನ ಮೇಷ್ಟ್ರು ಅಭಿಪ್ರಾಯಪಟ್ಟಿದ್ದರಂತೆ. ಅದನ್ನು ಓದಿದ ದಿನ ನಮ್ಮ ಮಗನ ಬಗ್ಗೆಯೇ ಯಾರೋ ಬರೆದಿದ್ದಾರೆ ಎನಿಸಿತು. ಅಷ್ಟು ಹಳೆಯದಾದ ಈ ವಿಷಯ ನಮ್ಮ ಮನೆಗೆ ತಲುಪಲು ಇಷ್ಟು ಕಾಲ ಬೇಕಾಯಿತಲ್ಲ ಎಂಬ ನೋವು ಇಂದಿಗೂ ಇದೆ.

ಕೇಂದ್ರದವರು ಮೊದಲು ಕೇಳಿದ್ದು ಕಣ್ಣು ಮತ್ತು ಕಿವಿಯ ತಪಾಸಣೆಯ ವರದಿಯನ್ನು. ಎರಡನೆಯದಾಗಿ ಮನೋವಿಜ್ಞಾನಿಯೊಬ್ಬರು ಮಾಡಿದ ಮೌಲ್ಯಮಾಪನವನ್ನು. ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಎಂದು ತೀರ್ಮಾನಿಸುವ ಹೊಣೆಯನ್ನು ಅವರು ತಾವೇ ಹೊತ್ತುಕೊಳ್ಳಲಿಲ್ಲ, ಮತ್ತು ಅದು ಸರಿಯಾದ ನಡೆ. ಪಾಠ ಎಲ್ಲಿಂದ ಶುರುವಾಗಬೇಕು ಎಂದು ತಿಳಿಯಲು ಮಾತ್ರ ತಮ್ಮದೇ ಪರೀಕ್ಷೆ ನಡೆಸಿದರು. 'ಕಮಲ' ಎಂಬುದರಲ್ಲಿ 'ಮ' ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿದರು. ಸಾಲಾಗಿ ಜೋಡಿಸಿದ ಚಿತ್ರಗಳನ್ನು ಎಷ್ಟು ಬೇಗ ಹೆಸರಿಸುತ್ತಾನೆ ಎಂದು ಅಳೆದರು. ಕೊನೆಗೆ 'ಟಬುಗಿ', 'ಮೊಸಲೂಪ' ಎಂಬಂಥ ಅರ್ಥವಿಲ್ಲದ ಪದಗಳನ್ನು ಓದಿಸಿದರು. ನೆನಪಿನ ಬಲದಿಂದ ಅಲ್ಲಿಯವರೆಗೆ ಎಲ್ಲರನ್ನೂ ದಾಟಿ ಬಂದಿದ್ದ ಮಗು ಆ ಪದಗಳ ಮುಂದೆ ನಿಂತುಬಿಟ್ಟಿತು. ಎಂದೂ ಕೇಳಿರದ ಪದವನ್ನು ನೆನಪಿನಿಂದ ಓದಲಾಗದು. ಅಕ್ಷರವನ್ನು ಧ್ವನಿಯಾಗಿಸಿ, ಆ ಧ್ವನಿಗಳನ್ನು ಕೂಡಿಸಲೇಬೇಕು. ತೊಡಕು ಇರುವುದು ಬುದ್ಧಿಯಲ್ಲಲ್ಲ, ಶ್ರದ್ಧೆಯಲ್ಲೂ ಅಲ್ಲ, ಈ ಒಂದು ಜೋಡಣೆಯಲ್ಲಿ ಎಂಬುದನ್ನು ಶಿಕ್ಷಕಿ ನಮಗೆ ಅಂದೇ ತೋರಿಸಿಕೊಟ್ಟರು. ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ಅವನು ತನ್ನ ವಯಸ್ಸಿನವರಿಗಿಂತ ಮುಂದಿದ್ದಾನೆ ಎಂಬುದೂ ಅದೇ ವರದಿಯಲ್ಲಿತ್ತು.

ಪಾಠದ ಕ್ರಮ ಪ್ರತಿದಿನವೂ ಹೆಚ್ಚುಕಡಿಮೆ ಒಂದೇ. ಹಿಂದೆ ಕಲಿತ ಅಕ್ಷರಗಳ ಕಾರ್ಡುಗಳನ್ನು ನೋಡುವುದು, ಒಂದೇ ಒಂದು ಹೊಸ ಅಂಶವನ್ನು ಕಲಿಯುವುದು, ಅದನ್ನು ಬಾಯಲ್ಲಿ ಹೇಳುತ್ತಲೇ ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಯುವುದು, ಬಿಲ್ಲೆಗಳಿಂದ ಪದ ಕಟ್ಟುವುದು, ಚಿಕ್ಕ ಉಕ್ತಲೇಖನ, ಇದುವರೆಗೆ ಕಲಿಸಿದ ಅಕ್ಷರಗಳಷ್ಟೇ ಇರುವ ಒಂದು ಪುಟದ ಓದು, ಕೊನೆಗೆ ಶಿಕ್ಷಕಿಯೇ ಓದಿ ಹೇಳುವ ಒಂದು ಕಥೆ. ನರವೈದ್ಯ ಸ್ಯಾಮ್ಯುಯೆಲ್ ಆರ್ಟನ್ ಮತ್ತು ಶಿಕ್ಷಣತಜ್ಞೆ ಆ್ಯನಾ ಗಿಲ್ಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಇಂಗ್ಲಿಷ್ ಓದಿಗೆಂದು ರೂಪಿಸಿದ ವಿಧಾನದ ಒಗ್ಗಿಸಿದ ರೂಪ ಇದು. ಮರಳಿನಲ್ಲಿ ಬರೆಯುವುದರಿಂದಲೇ ಪ್ರತ್ಯೇಕವಾಗಿ ಎಷ್ಟು ಲಾಭ ಎಂಬುದು ಸಂಶೋಧನೆಯಲ್ಲಿ ಅಷ್ಟು ಸ್ಪಷ್ಟವಾಗಿಲ್ಲ. ಧ್ವನಿ ಮತ್ತು ಅಕ್ಷರದ ಸಂಬಂಧವನ್ನು ಊಹೆಗೆ ಬಿಡದೆ, ಮೆಟ್ಟಿಲು ಮೆಟ್ಟಿಲಾಗಿ, ಬಿಡಿಸಿ ಹೇಳಿಕೊಡುವುದಕ್ಕೆ ಮಾತ್ರ ಗಟ್ಟಿಯಾದ ಆಧಾರವಿದೆ. ಶಿಕ್ಷಕಿಯೂ ನಮಗೆ ಇದನ್ನೇ ಹೇಳಿದರು ಎಂಬುದು ಅವರ ಮೇಲಿನ ನಂಬಿಕೆಯನ್ನು ಹೆಚ್ಚಿಸಿತು.

ಅವರ ಕೌಶಲ ನನಗೆ ಮನದಟ್ಟಾದದ್ದು ಅರ್ಕಾವತ್ತಿನ ಪಾಠದಲ್ಲಿ. 'ಕರ್ಮ' ಎಂಬ ಪದದಲ್ಲಿ 'ರ್' ಕಿವಿಗೆ ಬೀಳುವುದು 'ಮ'ಕ್ಕಿಂತ ಮೊದಲು, ಆದರೆ ಬರಹದಲ್ಲಿ ಆ ಗುರುತು ಕೂರುವುದು 'ಮ'ದ ನಂತರ. ಧ್ವನಿಯ ಸರಣಿಯನ್ನು ಹಿಡಿದಿಟ್ಟುಕೊಳ್ಳುವುದೇ ಕಷ್ಟವಾಗಿರುವ ಮಗುವಿಗೆ ಇದು ಎಂಥ ಇಕ್ಕಟ್ಟು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಶಿಕ್ಷಕಿ ಅರ್ಕಾವತ್ತಿಗೆ ಬೇರೆ ಬಣ್ಣದ ಬಿಲ್ಲೆ ಮಾಡಿಟ್ಟಿದ್ದರು. ಮೊದಲು ಅದನ್ನು ಕೇಳಿಸಿದ ಜಾಗದಲ್ಲಿ, ಅಂದರೆ 'ಕ' ಮತ್ತು 'ಮ'ಗಳ ನಡುವೆ ಇಡಿಸಿದರು, ಪದವನ್ನು ಹೇಳಿಸಿದರು, ಬಳಿಕ ಅವನ ಕೈಯಿಂದಲೇ ಅದನ್ನು ಬರೆಯುವ ಜಾಗಕ್ಕೆ ಸರಿಸಿದರು. ನಾಲ್ಕು ದಿನ ಇದೊಂದೇ ಆಟ. ಐದನೆಯ ದಿನ ಅವನು ಬಿಲ್ಲೆಯಿಲ್ಲದೆ, ಗಾಳಿಯಲ್ಲಿ ಬೆರಳು ಸರಿಸಿ, ಆಮೇಲೆ ಬರೆದ. 'ಹತ್ತು ಸಲ ಬರೆ' ಎನ್ನುವುದಕ್ಕೂ ತಪ್ಪಿನ ಕಾರಣವನ್ನು ಕಂಡುಹಿಡಿದು ಅದಕ್ಕೊಂದು ದಾರಿ ಮಾಡಿಕೊಡುವುದಕ್ಕೂ ಇರುವ ಅಂತರವನ್ನು ನಾನು ಅಂದು ಕಣ್ಣಾರೆ ಕಂಡೆ.

ಇನ್ನು ಸಂಜೆಯ ಹೊತ್ತು. ಮಕ್ಕಳೆಲ್ಲ ಅಕ್ಕ ಎಂದು ಕರೆಯುವ ಒಬ್ಬರು ಅಲ್ಲಿ ಐದಾರು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಬಂದ ಮೊದಲ 40 ನಿಮಿಷ ಯಾವ ಮಗುವಿನ ಮುಂದೆಯೂ ಒಂದಕ್ಷರ ಇಡಕೂಡದು ಎಂಬುದು ಅವರ ಕಟ್ಟುನಿಟ್ಟಾದ ನಿಯಮ. ಆರಂಭದಲ್ಲಿ ಇದು ಸಮಯ ವ್ಯರ್ಥ ಎಂದು ನನಗೆ ಅನಿಸಿತ್ತು. ಆದರೆ ಬೇರೆ ಮಕ್ಕಳಿಗೆ ಉಸಿರಾಟದಷ್ಟು ಸಹಜವಾದ ಓದು ಈ ಮಕ್ಕಳಿಗೆ ಪ್ರತಿ ಪದದಲ್ಲೂ ಹೊಸದಾಗಿ ಮಾಡಬೇಕಾದ ಕೆಲಸ; ಶಾಲೆ ಬಿಡುವ ಹೊತ್ತಿಗೆ ಅವರು ಇಡೀ ದಿನ ಭಾರ ಹೊತ್ತವರಷ್ಟು ದಣಿದಿರುತ್ತಾರೆ. ಮೊದಲೆಲ್ಲ ಮನೆಗೆ ಬಂದೊಡನೆ ನಾವು ಹೋಂವರ್ಕ್ ತೆಗೆಸುತ್ತಿದ್ದೆವು, ಅಳು ಮತ್ತು ಕೂಗಾಟದಲ್ಲಿ ರಾತ್ರಿಯಾಗುತ್ತಿತ್ತು. ಅದು ಹಟವಲ್ಲ, ದಣಿವು ಎಂದು ಅಕ್ಕ ಹೇಳುವವರೆಗೆ ನಮಗೆ ಹೊಳೆದಿರಲಿಲ್ಲ.

ಹೋಂವರ್ಕಿನ ವಿಷಯದಲ್ಲಿ ಅವರು ಒಂದು ಗೆರೆ ಎಳೆದಿದ್ದಾರೆ. ಗಣಿತದ ಲೆಕ್ಕವಾದರೆ ಪ್ರಶ್ನೆಯನ್ನು ಅವರೇ ಓದಿ ಹೇಳುತ್ತಾರೆ, ಏಕೆಂದರೆ ಅಲ್ಲಿ ಪರೀಕ್ಷೆಯಾಗಬೇಕಾದದ್ದು ಲೆಕ್ಕವೇ ಹೊರತು ಓದಲ್ಲ. ಪರಿಸರದ ಪಾಠದ ಉತ್ತರವನ್ನು ಮಗು ಬಾಯಲ್ಲಿ ಹೇಳಿದರೆ, ತರಗತಿಯ ಶಿಕ್ಷಕರ ಒಪ್ಪಿಗೆ ಪಡೆದೇ, ಅವರು ಬರೆದುಕೊಟ್ಟು ಕೆಳಗೆ ಹಾಗೆಂದು ಗುರುತು ಹಾಕುತ್ತಾರೆ. ಭಾಷೆಯ ಬರವಣಿಗೆಯನ್ನು ಮಾತ್ರ ಅವನೇ ಮಾಡಬೇಕು. 30 ನಿಮಿಷ ಆಯಿತೆಂದರೆ ಎಲ್ಲಿದ್ದರೂ ನಿಲ್ಲಿಸಿ, ಇಷ್ಟು ಹೊತ್ತಿನಲ್ಲಿ ಇಷ್ಟಾಯಿತು ಎಂದು ಶಾಲೆಗೆ ಒಂದು ಸಾಲು ಬರೆಯುತ್ತಾರೆ. ಉಳಿದ ಹೊತ್ತಿನಲ್ಲಿ ಧ್ವನಿ ಪುಸ್ತಕ ಕೇಳಿಸುತ್ತಾರೆ. ಓದು ನಿಧಾನವಾದ ಮಗುವಿಗೆ ಹೊಸ ಪದಗಳ ಪರಿಚಯವೂ ಕಡಿಮೆಯಾಗುತ್ತಾ ಹೋಗುತ್ತದೆ, ಅದರಿಂದ ಮುಂದೆ ಓದಿದ್ದು ಅರ್ಥವಾಗುವುದೂ ಕಷ್ಟವಾಗುತ್ತದೆ. ಕಿವಿಯ ಮೂಲಕ ಪುಸ್ತಕ ತಲುಪಿದರೆ ಆ ನಷ್ಟ ಅಷ್ಟರಮಟ್ಟಿಗೆ ತಪ್ಪುತ್ತದೆ.

ಆ ಹಂಚಿಕೆಯ ಪುಸ್ತಕ ನೆರವಾಗುವುದು ಇಲ್ಲಿಯೇ. ಪಾಠದ ದಿನ ಶಿಕ್ಷಕಿ ಅದರಲ್ಲಿ 'ಮಹಾಪ್ರಾಣ ಇನ್ನೂ ಗಟ್ಟಿಯಾಗಿಲ್ಲ, ಅವನ್ನು ಓದಿಸಬೇಡಿ' ಎಂದು ಬರೆದಿದ್ದರೆ, ಸಂಜೆ ಆಟದ ಚೀಟಿಯಲ್ಲೂ ಅಂಥ ಪದ ಬರದಂತೆ ಅಕ್ಕ ನೋಡಿಕೊಳ್ಳುತ್ತಾರೆ. 'ಇಂದು ಎರಡು ಸಲ ಹೊಟ್ಟೆನೋವು ಎಂದ, ನಾಳೆ ಶಾಲೆಯಲ್ಲಿ ಗಟ್ಟಿಯಾಗಿ ಓದುವ ಸರದಿ ಇದೆಯಂತೆ' ಎಂದು ಅವರು ಬರೆದದ್ದನ್ನು ನೋಡಿ ಶಿಕ್ಷಕಿ ಮರುದಿನವೇ ಶಾಲೆಯವರೊಂದಿಗೆ ಮಾತನಾಡಿ, ಓದಬೇಕಾದ ಭಾಗವನ್ನು ಮುಂಚಿತವಾಗಿ ಕೊಡಿಸಿ, ಅಭ್ಯಾಸ ಮಾಡಿಸಿದರು. ಅವನ ತಂಗಿ ಅವನಿಗಿಂತ ಎರಡು ವರ್ಷ ಚಿಕ್ಕವಳು; ಅವಳು ಅಣ್ಣನಿಗಿಂತ ಬೇಗ ಓದಲು ತೊಡಗಿದ್ದು ಮನೆಯಲ್ಲಿ ನಮಗೆಲ್ಲ ಬಹಳ ಕಷ್ಟದ ಸಂಗತಿಯಾಗಿತ್ತು. ರಜೆಯಲ್ಲಿ ಅವಳೂ ಅಲ್ಲಿಗೆ ಹೋದಾಗ ಅಕ್ಕ ಇಬ್ಬರಿಗೂ ಒಂದೇ ಪುಸ್ತಕ ಕೊಡಲಿಲ್ಲ, ಒಬ್ಬರ ಓದನ್ನು ಇನ್ನೊಬ್ಬರ ಎದುರು ಹೊಗಳಲೂ ಇಲ್ಲ. ಕೇಳಿದ ಕಥೆಯನ್ನು ತಂಗಿಗೆ ಹೇಳುವ ಕೆಲಸವನ್ನು ಅಣ್ಣನಿಗೆ ಒಪ್ಪಿಸಿದರು. ಅವನು ಅದರಲ್ಲಿ ನಿಪುಣ.

ಕೊರತೆಗಳೂ ಇವೆ, ಅವು ಚಿಕ್ಕವಲ್ಲ. ವರ್ಷದ ನಡುವೆ ಅಕ್ಕ ಮೂರು ವಾರ ರಜೆಯಲ್ಲಿದ್ದಾಗ ಬಂದವರಿಗೆ ಈ ಕೆಲಸದ ತರಬೇತಿಯೇ ಇರಲಿಲ್ಲ. ಅವರು ಒಳ್ಳೆಯವರೇ; ಆದರೆ ಎರಡನೆಯ ದಿನವೇ ಆಟದ ಕಾರ್ಡನ್ನು ಎಲ್ಲರೆದುರು ಅವನಿಂದ ಗಟ್ಟಿಯಾಗಿ ಓದಿಸಿ, ತಡೆದಾಗ 'ಇಷ್ಟು ಸುಲಭದ್ದು ಬರುವುದಿಲ್ಲವೇ' ಎಂದರಂತೆ. ಪುಸ್ತಕದಲ್ಲಿ ಆ ದಿನ ಏನೂ ಬರೆದಿರಲಿಲ್ಲ. ಅವನು ಮತ್ತೆ ಅಲ್ಲಿ ಬಾಯಿಬಿಟ್ಟು ಓದಲು ಒಂದು ತಿಂಗಳು ಹಿಡಿಯಿತು. ಇಡೀ ಸೇವೆ ಒಬ್ಬ ವ್ಯಕ್ತಿಯ ಅನುಭವದ ಮೇಲೆ ನಿಂತಿದ್ದರೆ, ಆ ವ್ಯಕ್ತಿ ಇಲ್ಲದ ದಿನಗಳಿಗೆ ಸಿದ್ಧತೆ ಮಾಡಿಕೊಳ್ಳುವುದು ಕೇಂದ್ರದ ಹೊಣೆ. ಅದನ್ನು ಅವರು ಮಾಡಿರಲಿಲ್ಲ.

ಇನ್ನೊಂದು, ಓದು ಸುಲಭವಾಗಲೆಂದು ಪುಟದ ಮೇಲೆ ಇಡುವ ಬಣ್ಣದ ಹಾಳೆಗಳನ್ನು ಕೊಳ್ಳುವಂತೆ ಕಚೇರಿಯಿಂದ ಎರಡು ಸಲ ಸೂಚನೆ ಬಂತು. ಬಣ್ಣದ ಹಾಳೆ ಮತ್ತು ಕನ್ನಡಕಗಳಿಂದ ಡಿಸ್ಲೆಕ್ಸಿಯಾಕ್ಕೆ ಪ್ರಯೋಜನವಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರ ವೈದ್ಯರ ಸಂಘಗಳು 2009ರಲ್ಲೇ ಜಂಟಿಯಾಗಿ ಹೇಳಿವೆ. ಅಕ್ಷರಗಳ ನಡುವಿನ ಅಂತರವನ್ನು ಹೆಚ್ಚಿಸಿದರೆ ಡಿಸ್ಲೆಕ್ಸಿಯಾ ಇರುವ ಮಕ್ಕಳು ಉತ್ತಮವಾಗಿ ಓದುತ್ತಾರೆ ಎಂಬುದು ಇಟಾಲಿಯನ್ ಮತ್ತು ಫ್ರೆಂಚ್ ಮಕ್ಕಳ ಮೇಲೆ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡುಬಂದಿತ್ತು. ಖರ್ಚಿಲ್ಲದ ಆ ಉಪಾಯವನ್ನು ಹೇಳುವ ಬದಲು ಹಾಳೆ ಮಾರಲು ಹೊರಟದ್ದು ನನಗೆ ಬೇಸರ ತಂದಿತು. ಕೇಳಿದಾಗ ಶಿಕ್ಷಕಿ ಅದು ಬೇಕಿಲ್ಲ ಎಂದು ನೇರವಾಗಿ ಹೇಳಿದರು. ಹಾಗಿದ್ದ ಮೇಲೆ ಅದು ಪಟ್ಟಿಯಲ್ಲಿ ಏಕಿರಬೇಕು? ಆರು ತಿಂಗಳಿಗೊಮ್ಮೆ ಕೊಡುವ ಪ್ರಗತಿ ವರದಿಯ ಭಾಷೆಯೂ ತುಂಬ ಕ್ಲಿಷ್ಟ. ಮಗುವಿಗೆ ಏನು ಬರುತ್ತದೆ, ಏನು ಇನ್ನೂ ಬರಬೇಕು ಎಂಬ ಎರಡು ಮಾತು ತಿಳಿಯಲು ನಾವು ಪ್ರತಿಸಲ ಫೋನ್ ಮಾಡಬೇಕಾಯಿತು.

ಫಲದ ಬಗ್ಗೆ ಹೇಳುವುದಾದರೆ, ಕಾಲು ಗಂಟೆ ಹಿಡಿಯುತ್ತಿದ್ದ ಪುಟವನ್ನು ಅವನು ಈಗ ಆರೇಳು ನಿಮಿಷದಲ್ಲಿ ಓದುತ್ತಾನೆ, ಮತ್ತು ಓದುತ್ತಿರುವುದು ನೆನಪಿನಿಂದಲ್ಲ. ತರಗತಿಯ ಇತರರ ವೇಗಕ್ಕೆ ಅವನು ಬಂದಿಲ್ಲ. ಉಚ್ಚಾರಕ್ಕೆ ಹತ್ತಿರವಾಗಿ ಬರೆಯುವ ಭಾಷೆಗಳಲ್ಲಿ ತಪ್ಪುಗಳು ಕಡಿಮೆಯಾದ ಮೇಲೂ ನಿಧಾನ ಬಹುಕಾಲ ಉಳಿಯುತ್ತದೆ ಎಂದು ಶಿಕ್ಷಕಿ ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಗಿದೆ. ಇಂಗ್ಲಿಷಿನಲ್ಲಿ ಪ್ರಗತಿ ಇನ್ನೂ ಕಡಿಮೆ, ಅಲ್ಲಿ ಒಂದೇ ಅಕ್ಷರಕ್ಕೆ ಹಲವು ಧ್ವನಿಗಳಿರುವುದು ಅವನನ್ನು ಈಗಲೂ ಕಂಗೆಡಿಸುತ್ತದೆ. ಇಷ್ಟು ತಿಂಗಳಲ್ಲಿ ಪೂರ್ತಿ ಗುಣವಾಗುತ್ತದೆ ಎಂದು ಮಾತು ಕೊಡುವ ಸಂಸ್ಥೆಗಳ ಜಾಹೀರಾತುಗಳನ್ನೂ ನಾವು ನೋಡಿದ್ದೆವು. ಈ ಕೇಂದ್ರದವರು ಅಂಥ ಮಾತು ಕೊಡಲಿಲ್ಲ, ಇದು ಕಾಯಿಲೆಯಲ್ಲ, ಓದಲು ಕಲಿಸಬಹುದು ಎಂದಷ್ಟೇ ಹೇಳಿದರು.

ಮಗುವಿಗೆ ಮನೆಯಲ್ಲಿ ಸಂಜೆ ಸಮಾಧಾನದಿಂದ ಜೊತೆಗಿರುವವರು ಇದ್ದರೆ, ಇಂಥ ಕಡೆ ಪಾಠವನ್ನಷ್ಟೇ ತೆಗೆದುಕೊಂಡು ಶಿಕ್ಷಕಿಯ ಪುಸ್ತಕವನ್ನು ಮನೆಗೆ ತರಿಸಿಕೊಂಡರೂ ಸಾಕಾಗಬಹುದು. ನಮ್ಮಂತೆ ಇಬ್ಬರೂ ಹೊರಗೆ ದುಡಿಯುವವರಿಗೆ ಎರಡೂ ಬೇಕು. ಬೇರೆ ಬೇರೆ ಕಡೆ ಬೇಡ. ಸೇರಿಸುವ ಮುನ್ನ ಪಾಠದ ಕೊಠಡಿಯನ್ನು ನೋಡಿದಷ್ಟೇ ಹೊತ್ತು ಸಂಜೆಯ ಕೊಠಡಿಯಲ್ಲೂ ಕುಳಿತು ನೋಡಿ, ನೋಡಿಕೊಳ್ಳುವವರು ರಜೆ ಹಾಕಿದರೆ ಯಾರು ಬರುತ್ತಾರೆ, ಅವರಿಗೆ ಏನು ತಿಳಿಸಿರುತ್ತಾರೆ ಎಂದು ಕೇಳಿ. ನಾವು ಕೇಳಿರಲಿಲ್ಲ.

ಮುಂದಿನ ವರ್ಷಕ್ಕೂ ಅವನನ್ನು ಅಲ್ಲಿಯೇ ಮುಂದುವರಿಸುತ್ತಿದ್ದೇವೆ. ಶಿಕ್ಷಕಿಯ ಸಲಹೆಯಂತೆ ಪಾಠದ ದಿನಗಳನ್ನು ಮೂರೇ ಇಟ್ಟು, ಅದರಲ್ಲಿ ಒಂದನ್ನು ಇಂಗ್ಲಿಷಿಗೆ ಮೀಸಲಿಡಲಾಗಿದೆ. ಬದಲಿಗೆ ಬರುವವರು ಮೊದಲ ದಿನವೇ ಆ ಪುಸ್ತಕವನ್ನು ಓದಿ ಸಹಿ ಹಾಕಿದ ಮೇಲೆ ಮಕ್ಕಳ ಬಳಿ ಹೋಗಬೇಕು ಎಂಬ ನಮ್ಮ ಬೇಡಿಕೆಯನ್ನು ಬರಹದಲ್ಲಿ ಕೊಟ್ಟಿದ್ದೆವು. ಕೇಂದ್ರದವರು ಒಪ್ಪಿದ್ದಾರೆ, ಮತ್ತು ಕಳೆದ ವಾರ ಅಕ್ಕ ಒಂದು ದಿನ ಬಾರದಿದ್ದಾಗ ಆ ಪುಟದಲ್ಲಿ ಹೊಸಬರೊಬ್ಬರ ಸಹಿ ಇತ್ತು.