ಡಿಸ್ಕಸ್ ಸಾಕುವವರೇ, ಫಿಲ್ಟರನ್ನು ಪೂರ್ತಿ ತೊಳೆಯಬೇಡಿ

ಡಿಸ್ಕಸ್ ಮೀನು ಸಾಕುತ್ತಿರುವವರು, ಸಾಕಬೇಕು ಅಂತ ಆಸೆ ಇರುವವರು ದಯವಿಟ್ಟು ಇದನ್ನು ಓದಿ. ಯುಗಾದಿಯ ಹಿಂದಿನ ವಾರ ನಮ್ಮ ಮನೆಯಲ್ಲಿ ಆರು ಡಿಸ್ಕಸ್‌ಗಳಲ್ಲಿ ನಾಲ್ಕು ಸತ್ತವು. ರೋಗ ಬಂದು ಸತ್ತದ್ದಲ್ಲ. ನಾನು ಫಿಲ್ಟರ್ ತೊಳೆದದ್ದರಿಂದ ಸತ್ತವು.

ನಮ್ಮ ಮನೆ ದಾವಣಗೆರೆಯ ವಿದ್ಯಾನಗರದ ಕಡೆ. ಹಾಲ್‌ನಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಇದೆ. ಸುಮಾರು 250 ಲೀಟರ್ ನೀರು ಹಿಡಿಯುತ್ತದೆ. ಕೆಳಗಿನ ಕಪಾಟಿನಲ್ಲಿ ಕ್ಯಾನಿಸ್ಟರ್ ಫಿಲ್ಟರ್, ಅಂದರೆ ಟ್ಯಾಂಕ್ ನೀರನ್ನು ಪೈಪಿನಲ್ಲಿ ಎಳೆದು ಸೋಸಿ ವಾಪಸ್ ಬಿಡುವ ಮುಚ್ಚಿದ ಡಬ್ಬ. ಅದರೊಳಗೆ ಒಂದು ತಟ್ಟೆಯಲ್ಲಿ ಸ್ಪಂಜ್, ಒಂದರಲ್ಲಿ ಬಿಳಿ ವುಲ್, ಎರಡರಲ್ಲಿ ಸೆರಾಮಿಕ್ ರಿಂಗ್. ದೀಪಾವಳಿ ಮುಗಿದ ಮೇಲೆ ನೀರು ತುಂಬಿಸಿದೆ. ಮೀನು ತಂದಿರಲಿಲ್ಲ. ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕಿ, ಫಿಲ್ಟರ್ ಓಡಿಸುತ್ತಾ ಐದು ವಾರ ಕಾದೆ. ಖಾಲಿ ನೀರಿಗೆ ಯಾಕೆ ಊಟ ಹಾಕ್ತೀಯ ಅಪ್ಪಾ ಅಂತ ಮಗಳು ಕೇಳುತ್ತಿದ್ದಳು.

ಯಾಕೆ ಅಂದರೆ, ಮೀನಿನ ಉಸಿರಿನಿಂದ, ಹೇಲಿನಿಂದ, ಉಳಿದ ಆಹಾರದಿಂದ ನೀರಿನಲ್ಲಿ ಅಮೋನಿಯಾ ಸೇರುತ್ತಲೇ ಇರುತ್ತದೆ. ಮೀನಿಗೆ ಅದು ವಿಷ. ಫಿಲ್ಟರ್‌ನಲ್ಲಿ ಸ್ಪಂಜ್, ರಿಂಗ್‌ಗಳ ಮೇಲೆ ನೆಲೆಸುವ ಒಂದು ಜಾತಿಯ ಬ್ಯಾಕ್ಟೀರಿಯಾ ಆ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ. ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟ್ ಅಷ್ಟು ಬೇಗ ತೊಂದರೆ ಕೊಡುವುದಿಲ್ಲ. ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸಿದರೆ ಹೋಗುತ್ತದೆ. ಖಾಲಿ ಟ್ಯಾಂಕ್‌ಗೆ ಹಾಕಿದ ಆಹಾರ ಕೊಳೆತು ಅಮೋನಿಯಾ ಆದರೇ ಈ ಬ್ಯಾಕ್ಟೀರಿಯಾ ಬೆಳೆಯುವುದು, ಅದೂ ಬಹಳ ನಿಧಾನ. ಹಾಲು ಕೆಡಿಸುವಂಥವು ಅರ್ಧ ಗಂಟೆಗೊಮ್ಮೆ ಎರಡರಷ್ಟಾದರೆ, ಇವಕ್ಕೆ ಹೆಚ್ಚುಕಡಿಮೆ ಒಂದು ದಿನವೇ ಬೇಕು. ಅದಕ್ಕೇ ಹೊಸ ಟ್ಯಾಂಕ್ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಥರ್ಮಾಕೋಲ್ ಡಬ್ಬದಲ್ಲಿ ಆರು ಮರಿ ತಂದೆ. ಮೂರು ತಿಂಗಳಲ್ಲಿ ಅಂಗೈಯಗಲ ಬೆಳೆದವು. ಕೆಂಪು ಬಣ್ಣದ ಒಂದಕ್ಕೆ ಮಗಳು ಕೆಂಚ ಅಂತ ಹೆಸರಿಟ್ಟಳು. ಅದು ಅವಳ ಬೆರಳ ತುದಿಯಿಂದ ಕಾಳು ತಿನ್ನುತ್ತಿತ್ತು. ಎಲ್ಲಾ ಸರಿ ಇತ್ತು.

ಆಮೇಲೆ ಯುಗಾದಿ ಬಂತು. ಹಬ್ಬದ ಮುಂಚೆ ಮನೆಯೆಲ್ಲಾ ತೊಳೆದು ಬಳಿಯುವುದು ಇದ್ದದ್ದೇ ಅಲ್ವಾ. ಟ್ಯಾಂಕ್‌ನದ್ದೂ ಒಂದು ಕೈ ನೋಡೋಣ ಅಂತ ಭಾನುವಾರ ಬೆಳಿಗ್ಗೆ ಕ್ಯಾನಿಸ್ಟರ್ ಬಿಚ್ಚಿದೆ. ವುಲ್ ತರಲು ಹೋದಾಗ ಅಂಗಡಿಯವರು ಹೇಳಿದ್ದರು: "ಮೂರು ತಿಂಗಳಾಯ್ತಲ್ಲ ಸರ್, ಸ್ಪಂಜ್ ಪೂರ್ತಿ ಹೊಸದು ಹಾಕಿಬಿಡಿ. ರಿಂಗ್ ಚೆನ್ನಾಗಿ ತೊಳೆದು ಬಿಸಿಲಿಗೆ ಒಣಗಿಸಿ, ಹೊಸದರ ಥರ ಆಗ್ತವೆ." ಆ ಅಂಗಡಿ ಯಾವುದು ಅನ್ನುವುದು ಬೇಡ. ಈ ಮಾತನ್ನು ಬೇರೆ ಅಂಗಡಿಗಳಲ್ಲೂ ಕೇಳಿದ್ದೇನೆ. ನೀವೂ ಕೇಳುತ್ತೀರಿ. ನಂಬಬೇಡಿ.

ಅವತ್ತು ನಳ ಬಂದಿತ್ತು. ರಿಂಗ್‌ಗಳನ್ನೆಲ್ಲಾ ಪ್ಲಾಸ್ಟಿಕ್ ಬುಟ್ಟಿಗೆ ಸುರಿದು ನಳದ ಕೆಳಗೆ ಹಿಡಿದೆ. ಕಾಫಿ ಚರಟದಂಥ ಕಂದು ನೀರು ಇಳಿಯಿತು. ಕೈಗೆ ಲೋಳೆ ಲೋಳೆ. ಮೂಗಿಗೆ ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ. ಆರೋಗ್ಯವಾಗಿರುವ ಫಿಲ್ಟರ್‌ಗೆ ಬರುವ ವಾಸನೆಯೇ ಅದು. ನನಗೆ ಅದು ಕೊಳೆಯಾಗಿ ಕಂಡಿತು. ಅಕ್ಕಿ ತೊಳೆದ ಹಾಗೆ ಉಜ್ಜಿ ಉಜ್ಜಿ ಐದಾರು ಸಲ ತೊಳೆದೆ. ಬೆಳ್ಳಗಾದ ಮೇಲೆ ಮಹಡಿಯಲ್ಲಿ ಹಳೇ ಸೀರೆ ಹಾಸಿ, ಸಂಡಿಗೆ ಒಣಗಿಸಿದ ಹಾಗೆ ಹರವಿದೆ. ನಮ್ಮೂರಿನ ಮಾರ್ಚ್ ಬಿಸಿಲು ಗೊತ್ತಲ್ಲ, ಸಂಜೆಯ ಹೊತ್ತಿಗೆ ಗಲಗಲ ಅನ್ನುತ್ತಿದ್ದವು. ಹಳೇ ಸ್ಪಂಜ್ ಕಸಕ್ಕೆ ಹೋಯಿತು. ಗಾಜು ಉಜ್ಜಿದೆ. ಮುಕ್ಕಾಲು ಭಾಗ ನೀರನ್ನೂ ಅವತ್ತೇ ಬದಲಾಯಿಸಿದೆ. ಟ್ಯಾಂಕ್ ಫಳಫಳ ಹೊಳೆಯುತ್ತಿತ್ತು.

ಐದು ವಾರ ಕಾದು ಬೆಳೆಸಿದ್ದನ್ನು ಒಂದು ದಿನದಲ್ಲಿ ಕೊಂದಿದ್ದೆ. ಕಾರ್ಪೊರೇಷನ್ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ನಮ್ಮ ಆರೋಗ್ಯಕ್ಕೆ ಬೇಕೇ ಬೇಕು. ಆದರೆ ಅದು ಒಳ್ಳೇ ಬ್ಯಾಕ್ಟೀರಿಯಾ ಯಾವುದು, ಕೆಟ್ಟದ್ದು ಯಾವುದು ಅಂತ ನೋಡುವುದಿಲ್ಲ. ಕ್ಲೋರಿನ್‌ಗೆ ಸಿಗದೆ ಉಳಿದವು ಬಿಸಿಲಿಗೆ ಒಣಗಿ ಸತ್ತವು.

ಸೋಮವಾರ ಏನೂ ಗೊತ್ತಾಗಲಿಲ್ಲ. ಮಂಗಳವಾರ ರಾತ್ರಿ ಹಾಕಿದ ಕಾಳು ಹಾಗೇ ತಳದಲ್ಲಿತ್ತು. ಬುಧವಾರ ಬೆಳಿಗ್ಗೆ ಮಗಳು ಬಂದು ಎಬ್ಬಿಸಿದಳು. "ಅಪ್ಪಾ, ಕೆಂಚ ಕಪ್ಪಾಗಿದೆ." ಹೋಗಿ ನೋಡಿದರೆ ಆರೂ ಮೀನು ಹೀಟರ್ ಇರುವ ಮೂಲೆಯಲ್ಲಿ ಒತ್ತಿಕೊಂಡು, ಗೋಡೆಗೆ ಮುಖ ಮಾಡಿ ನಿಂತಿದ್ದವು. ರೆಕ್ಕೆ ಮುದುರಿದ್ದವು. ಕಿವಿರು ಬಿಡುವಿಲ್ಲದೆ ಬಡಿಯುತ್ತಿತ್ತು. ನೀರು ಗಂಜಿ ತಿಳಿಯ ಹಾಗೆ ಮಬ್ಬಾಗಿತ್ತು.

ಆಗಲೇ ನೀರು ಪರೀಕ್ಷೆ ಮಾಡಬೇಕಿತ್ತು. ಕಿಟ್ ಮನೆಯಲ್ಲೇ ಇತ್ತು. ತಿಂಗಳುಗಟ್ಟಲೆ ಸೊನ್ನೆ ಬಂದಿದ್ದರಿಂದ ಅದನ್ನು ಮುಟ್ಟುವುದೇ ಬಿಟ್ಟಿದ್ದೆ. ಅಂಗಡಿಗೆ ಫೋನ್ ಮಾಡಿದೆ. ಫಂಗಸ್ ಇರಬೇಕು ಅಂತ ಹೇಳಿ ನೀಲಿ ಔಷಧಿ, ಜೊತೆಗೆ ಒಂದು ಆಂಟಿಬಯಾಟಿಕ್ ಕೊಟ್ಟರು. ಎರಡನ್ನೂ ಹಾಕಿದೆ. ಫಿಲ್ಟರ್‌ನಲ್ಲಿ ಅಷ್ಟಿಷ್ಟು ಜೀವ ಉಳಿದಿದ್ದರೂ ಅದನ್ನೂ ಕೆಡಿಸುವಂಥ ಔಷಧಿಗಳು ಅವು. ಗುರುವಾರ ಎರಡು ಮೀನು ಹೋದವು. ಶುಕ್ರವಾರ ಕೆಂಚ. ಶನಿವಾರ ಇನ್ನೊಂದು.

ಗುರುವಾರ ಸಂಜೆ ಕೊನೆಗೂ ಪರೀಕ್ಷೆ ಮಾಡಿದೆ. ನನ್ನ ಕಿಟ್‌ನಲ್ಲಿ ಅಮೋನಿಯಾ ಇಲ್ಲದಿದ್ದರೆ ನಳಿಕೆಯ ನೀರು ಹಳದಿಯಾಗೇ ಇರುತ್ತದೆ. ಅವತ್ತು ಹಸಿರಾಯಿತು. ಬಣ್ಣದ ಕಾರ್ಡ್‌ಗೆ ಹಿಡಿದರೆ ಲೀಟರಿಗೆ 2 ಮಿಲಿಗ್ರಾಂ. ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ, 7.8.

ಈ ಪಿಎಚ್ ವಿಷಯ ನಮ್ಮ ಕಡೆಯವರು ತಿಳಿದಿರಲೇಬೇಕು. ನಾನು ಬೋರ್ ನೀರು, ನಳದ ನೀರು ಎರಡನ್ನೂ ಬೆರೆಸಿ ಹಾಕುತ್ತೇನೆ. ನಮ್ಮ ಬೋರ್ ನೀರು ಗಡಸು, ಬಿಂದಿಗೆಯಲ್ಲಿ ಬಿಳಿ ಪದರ ಕಟ್ಟುತ್ತದೆ. ಡಿಸ್ಕಸ್ ಅಮೆಜಾನ್ ಕಡೆಯ ಮೀನು, ಅಲ್ಲಿಯದು ಮೆದು ನೀರು. ಫಾರಂನಲ್ಲಿ ಬೆಳೆದ ಮರಿಗಳು ಗಡಸು ನೀರಿಗೂ ಹೊಂದಿಕೊಳ್ಳುತ್ತವೆ, ಅದು ದೊಡ್ಡ ತೊಂದರೆಯಲ್ಲ. ತೊಂದರೆ ಇರುವುದು ಅಮೋನಿಯಾದಲ್ಲಿ. ಪಿಎಚ್ 7 ಇದ್ದಾಗ ಇರುವುದಕ್ಕಿಂತ 8 ಇದ್ದಾಗ ಅದೇ ಅಮೋನಿಯಾದ ವಿಷದ ಭಾಗ ಹತ್ತಿರ ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಅದು ಇನ್ನೂ ಜಾಸ್ತಿ. ಡಿಸ್ಕಸ್‌ಗೆ 28ರಿಂದ 30 ಡಿಗ್ರಿ ಬೇಕು. ಅಷ್ಟು ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. ಬೇರೆ ಮೀನು ಹೇಗೋ ತಡೆದುಕೊಳ್ಳುವ ತಪ್ಪನ್ನು ನಮ್ಮೂರ ನೀರಿನಲ್ಲಿ ಡಿಸ್ಕಸ್ ತಡೆದುಕೊಳ್ಳುವುದಿಲ್ಲ.

ಉಳಿದ ಎರಡನ್ನು ಉಳಿಸಿದ್ದು ಚಿತ್ರದುರ್ಗದ ಗೆಳೆಯ. ಅವನ ಮನೆಯಲ್ಲಿ ಹತ್ತು ವರ್ಷದಿಂದ ಗಪ್ಪಿ ಟ್ಯಾಂಕ್ ಓಡುತ್ತಿದೆ. ಫೋನ್‌ನಲ್ಲಿ ಕಥೆ ಕೇಳಿದವನೇ, "ಔಷಧಿ ನಿಲ್ಲಿಸು. ಊಟ ನಿಲ್ಲಿಸು. ದಿನಾ ಅರ್ಧ ನೀರು ಬದಲಾಯಿಸು. ನಾಳೆ ಬಂದು ನನ್ನ ಸ್ಪಂಜ್ ತಗೊಂಡು ಹೋಗು" ಅಂದ. ಶನಿವಾರ ಬಸ್ ಹತ್ತಿ ಹೋಗಿ, ಅವನ ಟ್ಯಾಂಕ್‌ನ ಕಪ್ಪು ಸ್ಪಂಜನ್ನು ಅದೇ ನೀರಿನ ಜೊತೆ ಡಬ್ಬದಲ್ಲಿ ಹಾಕಿಕೊಂಡು ತಂದೆ. ದಾರಿಯುದ್ದಕ್ಕೂ ಮುಚ್ಚಳ ಸ್ವಲ್ಪ ತೆಗೆದಿಟ್ಟು ತೊಡೆ ಮೇಲೆ ಹಿಡಿದುಕೊಂಡಿದ್ದೆ. ಆ ಬ್ಯಾಕ್ಟೀರಿಯಾಕ್ಕೆ ಗಾಳಿ ಬೇಕು. ಬಂದವನೇ ಕ್ಯಾನಿಸ್ಟರ್‌ಗೆ ಸೇರಿಸಿದೆ. ಬೇರೆಯವರ ಟ್ಯಾಂಕ್‌ನಿಂದ ರೋಗವೂ ಬರಬಹುದು ನಿಜ, ಹಾಗಾಗಿ ಗೊತ್ತಿರುವವರಿಂದ ಮಾತ್ರ ತನ್ನಿ.

ಹನ್ನೆರಡು ದಿನ ಬೆಳಿಗ್ಗೆ ಎದ್ದು ಅರ್ಧ ನೀರು ಬದಲಾಯಿಸಿದೆ. ಹಿಂದಿನ ದಿನವೇ ಡ್ರಮ್‌ನಲ್ಲಿ ನೀರು ಹಿಡಿದು, ಆಂಟಿ ಕ್ಲೋರಿನ್ ಹಾಕಿ, ಏರ್ ಪಂಪ್ ಬಿಟ್ಟು, ಟ್ಯಾಂಕ್‌ನಷ್ಟೇ ಬೆಚ್ಚಗೆ ಮಾಡಿಕೊಳ್ಳಬೇಕು. ಅಮೋನಿಯಾ ಇಳಿದ ಮೇಲೆ ನೈಟ್ರೈಟ್ ಏರಿತು. ಅದಕ್ಕೆ ಸ್ವಲ್ಪ ಉಪ್ಪು ಹಾಕಿದೆ. ನೈಟ್ರೈಟ್ ಕಿವಿರಿನ ಮೂಲಕ ರಕ್ತಕ್ಕೆ ಸೇರದಂತೆ ಉಪ್ಪು ತಡೆಯುತ್ತದೆ. ಹದಿಮೂರನೇ ದಿನ ಎರಡೂ ಸೊನ್ನೆ.

ಈಗ ನಾನು ತೊಳೆಯುವುದು ಹೀಗೆ. ನೀರು ಬದಲಾಯಿಸುವಾಗ ತೆಗೆದ ಟ್ಯಾಂಕ್‌ ನೀರನ್ನೇ ಒಂದು ಬಕೆಟ್‌ಗೆ ಹಿಡಿಯುತ್ತೇನೆ. ಸ್ಪಂಜನ್ನು ಅದರಲ್ಲಿ ಎರಡು ಮೂರು ಸಲ ಹಿಂಡುತ್ತೇನೆ, ಅಷ್ಟೇ. ರಿಂಗ್ ತಟ್ಟೆಯನ್ನು ಸುಮ್ನೆ ಅದೇ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ, ಅದೂ ನೀರು ಹರಿಯುವುದು ಕಮ್ಮಿಯಾದರೆ ಮಾತ್ರ, ಒಂದು ಸಲಕ್ಕೆ ಒಂದೇ ತಟ್ಟೆ. ಹೊಸದು ಹಾಕುವುದು ವುಲ್ ಒಂದನ್ನೇ. ಇದರ ಜೊತೆ ಟ್ಯಾಂಕ್ ಒಳಗೆ ಏರ್ ಪಂಪ್‌ನಿಂದ ಓಡುವ ಒಂದು ಸಣ್ಣ ಸ್ಪಂಜ್ ಫಿಲ್ಟರ್ ಕಾಯಂ ಇಟ್ಟಿದ್ದೇನೆ. ಆ ಪಂಪ್ ಇನ್ವರ್ಟರ್‌ನಲ್ಲಿದೆ. ಕರೆಂಟ್ ಹೋಗಿ ಕ್ಯಾನಿಸ್ಟರ್ ಮೂರ್ನಾಲ್ಕು ಗಂಟೆ ನಿಂತರೆ ಒಳಗಿನ ನೀರು ಕೊಳೆಯತೊಡಗುತ್ತದೆ. ಹಾಗಾದಾಗ ಆ ನೀರು ಚೆಲ್ಲಿಯೇ ಮತ್ತೆ ಶುರು ಮಾಡಿ, ಹಾಗೇ ಸ್ವಿಚ್ ಹಾಕಬೇಡಿ. ಮೀನು ಕಪ್ಪಾಗಿ ಮೂಲೆ ಸೇರಿದರೆ ಔಷಧಿಗಿಂತ ಮೊದಲು ನೀರು ಪರೀಕ್ಷೆ ಮಾಡಿ.

ಹೊಸ ಮೀನು ಇನ್ನೂ ತಂದಿಲ್ಲ. ಇರುವ ಎರಡು ಚೆನ್ನಾಗಿ ತಿನ್ನುತ್ತಿವೆ. ಮಗಳು ಅವಕ್ಕೆ ಹೆಸರಿಟ್ಟಿಲ್ಲ, ನಾನೂ ಕೇಳಿಲ್ಲ. ದಾವಣಗೆರೆಯಲ್ಲಿ ಯಾರಾದರೂ ಹೊಸದಾಗಿ ಟ್ಯಾಂಕ್ ಇಡುತ್ತಿದ್ದರೆ, ಅಥವಾ ನನ್ನ ಹಾಗೆ ಫಿಲ್ಟರ್ ತೊಳೆದು ಕೂತಿದ್ದರೆ ತಡ ಮಾಡದೆ ತಿಳಿಸಿ. ನನ್ನ ಸ್ಪಂಜ್‌ನಲ್ಲಿ ಅರ್ಧ ಕತ್ತರಿಸಿ ಕೊಡುತ್ತೇನೆ. ಬರುವಾಗ ಒಂದು ಡಬ್ಬ ತನ್ನಿ.