ಕಾರಿನ ಜೋತುಬಿದ್ದ ರೂಫ್ ಬಟ್ಟೆಗೆ ರಿಪೇರಿ: ಬೆಂಗಳೂರು ಜೆ.ಸಿ. ರಸ್ತೆಯ ಕುಶನ್ ಅಂಗಡಿಯ ಕೆಲಸ ಹೇಗಿದೆ

ಮೊದಲೇ ಹೇಳಿಬಿಡುತ್ತೇನೆ. ಕೆಲಸ ಚೆನ್ನಾಗಿದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ, ಸಣ್ಣಪುಟ್ಟ ತಕರಾರು ಇವೆ. ಹೋದ ಶಿವರಾತ್ರಿ ಹೊತ್ತಿಗೆ ಮಾಡಿಸಿದ್ದು, ಬೇಕಂತಲೇ ಇಷ್ಟು ದಿನ ಬರೆಯದೆ ಕಾದೆ. ಹೊಸ ಬಟ್ಟೆ ಹಾಕಿಸಿದ ದಿನ ಯಾರ ಕೆಲಸವಾದರೂ ಚೆನ್ನಾಗಿಯೇ ಕಾಣುತ್ತದೆ. ಅಂಟು ಹಿಡಿದಿದೆಯೋ ಇಲ್ಲವೋ ಗೊತ್ತಾಗುವುದು ಒಂದು ಬೇಸಿಗೆ ಕಳೆದ ಮೇಲೆ ತಾನೇ? ನಮ್ಮ ಕಾರಿಗೆ ಶೆಡ್ಡಿಲ್ಲ, ಮನೆ ಮುಂದೆ ಬಿಸಿಲಲ್ಲೇ ನಿಲ್ಲುತ್ತದೆ. ಮೇ ತಿಂಗಳಲ್ಲಿ ರಾಯಚೂರಿಗೆ ಒಂದು ಮದುವೆಗೆ ಹೋಗಿ, ಛತ್ರದ ಎದುರು ಇಡೀ ದಿನ ಕಾದು ಬಂದಿದೆ. ಈಗ ಮಳೆಗಾಲವೂ ಅರ್ಧ ಮುಗಿಯಿತು. ಬಟ್ಟೆ ಒಂದು ಕಡೆಯೂ ಬಿಟ್ಟಿಲ್ಲ.

ಕಾರು 2009ರ ಸೆಡಾನ್. ಇಂಜಿನ್ ಗಟ್ಟಿಮುಟ್ಟಾಗಿದೆ, ಏಸಿ ಚೆನ್ನಾಗಿದೆ, ತುಕ್ಕು ಹಿಡಿದಿಲ್ಲ. ಮಾರುವ ಯೋಚನೆಯೇ ಇಲ್ಲ. ಆದರೆ ಒಳಗಡೆ ಮೇಲಿನ ಬಟ್ಟೆ ಹಿಂದಿನ ಗಾಜಿನ ಹತ್ತಿರ ಬಿಡಲು ಶುರುವಾಗಿ, ಮೆಲ್ಲಗೆ ಮುಂದೆ ಮುಂದೆ ಬಂದು, ಹಿಂದೆ ಕೂತವರ ತಲೆಗೆ ತಾಗುವಷ್ಟು ಜೋತುಬಿದ್ದಿತ್ತು. ಕಿಟಕಿ ಇಳಿಸಿದರೆ ಗಾಳಿಗೆ ಉಬ್ಬಿ ಪಟಪಟ ಅನ್ನುತ್ತಿತ್ತು. ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಅರ್ಧ ಮಾತ್ರ ಕಾಣುತ್ತಿತ್ತು. ಇದು ಬರೀ ಅಂದಚಂದದ ವಿಷಯ ಅಂದುಕೊಂಡು ಎಷ್ಟೋ ಜನ ಹಾಗೇ ಓಡಿಸುತ್ತಾರೆ. ಹೈವೇಯಲ್ಲಿ ಹಿಂದೆ ಬರುವ ಲಾರಿ ಕಾಣಲಿಲ್ಲ ಅಂದರೆ ಅದು ಅಂದಚಂದದ ವಿಷಯ ಅಲ್ಲವೇ ಅಲ್ಲ.

ಬಟ್ಟೆ ಯಾಕೆ ಬಿಡುತ್ತದೆ ಅಂತ ಗೊತ್ತಿದ್ದರೆ ಯಾವ ಅಂಗಡಿಗೆ ಕೊಡಬೇಕು ಅನ್ನೋದು ಸುಲಭವಾಗುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದ ಕಾರುಗಳಲ್ಲಿ ರೂಫಿಗೆ ಅಡ್ಡಲಾಗಿ ತೆಳು ಕಂಬಿಗಳಿದ್ದವು, ಹೊಲಿದ ಲೈನಿಂಗನ್ನು ಅವಕ್ಕೆ ತೂಗುಹಾಕಿ ಬಿಗಿ ಮಾಡುತ್ತಿದ್ದರು. ಈಗಿನ ಕಾರುಗಳಲ್ಲಿ ಹಾಗಲ್ಲ. ಅಚ್ಚಿನಲ್ಲಿ ಒತ್ತಿ ಮಾಡಿದ ಒಂದು ದೊಡ್ಡ ಬೋರ್ಡ್, ಅದರ ಮೇಲೆ ಸುಮಾರು 3 ಮಿಲಿಮೀಟರ್ ದಪ್ಪದ ಫೋಮ್, ಫೋಮಿನ ಮೇಲೆ ನಮ್ಮ ಕಣ್ಣಿಗೆ ಕಾಣುವ ತೆಳು ಬಟ್ಟೆ. ಬಟ್ಟೆಯೂ ಫೋಮೂ ಒಂದಕ್ಕೊಂದು ಅಂಟಿಕೊಂಡೇ ಬರುತ್ತವೆ. ಅಂದರೆ ಬಟ್ಟೆ ನೇರವಾಗಿ ಬೋರ್ಡನ್ನು ಹಿಡಿದುಕೊಂಡಿಲ್ಲ, ಫೋಮ್ ಅದನ್ನು ಹಿಡಿದುಕೊಂಡಿದೆ. ಆ ಫೋಮು ಪಾಲಿಯೂರಿಥೇನ್. ಬಿಸಿಲಲ್ಲಿ ನಿಂತ ಕಾರಿನ ರೂಫಿನ ತಗಡಿನ ಕೆಳಗೆ 60 ಡಿಗ್ರಿ ದಾಟುವುದು ನಮ್ಮ ಬೇಸಿಗೆಗೆ ದೊಡ್ಡ ವಿಷಯ ಅಲ್ಲ. ಹತ್ತು ಹದಿನೈದು ವರ್ಷ ಹಾಗೆ ಕಾದು, ಮಳೆಗಾಲದ ತೇವ ಕುಡಿದು, ಆ ಫೋಮ್ ಪುಡಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆ ಸೆಖೆಯ ಜೊತೆ ತೇವವೂ ಜಾಸ್ತಿ, ಅಲ್ಲಿ ಇನ್ನೂ ಕಷ್ಟ.

ಹಾಗಾಗಿ ಬಟ್ಟೆ ಬಿಟ್ಟಿದ್ದರೆ ಅಲ್ಲಿ ಅಂಟು ಒಣಗಿದೆ ಅಂತಲ್ಲ, ನಡುವಿನ ಫೋಮೇ ಸತ್ತಿದೆ. ಇದು ತಲೆಯಲ್ಲಿದ್ದರೆ ಉಳಿದ ಉಪಾಯಗಳೆಲ್ಲ ಯಾಕೆ ನಿಲ್ಲುವುದಿಲ್ಲ ಅಂತ ತಾನಾಗಿಯೇ ಅರ್ಥವಾಗುತ್ತದೆ. ಸಿರಿಂಜಿನಲ್ಲಿ ಅಂಟು ಬಿಡುವುದು, ಬಟ್ಟೆ ಎತ್ತಿ ಒಳಗೆ ಸ್ಪ್ರೇ ಹೊಡೆಯುವುದು ಎರಡರಲ್ಲೂ ಅಂಟು ಹಿಡಿಯುವುದು ಪುಡಿಯನ್ನು. ಪುಡಿ ಬೋರ್ಡಿನಿಂದ ಉದುರಿದ ಕೂಡಲೇ ಬಟ್ಟೆಯೂ ಇಳಿಯುತ್ತದೆ. ಜೊತೆಗೆ ಅಂಟು ಬಟ್ಟೆಯಿಂದ ಈಚೆಗೆ ಬಂದು ಕಲೆ ಬೇರೆ ಆಗುತ್ತದೆ, ಅದು ಹೋಗುವುದೇ ಇಲ್ಲ. ಪಿನ್ ಚುಚ್ಚಿ ನಿಲ್ಲಿಸುವುದು ಒಂದೆರಡು ತಿಂಗಳ ತಾತ್ಕಾಲಿಕಕ್ಕೆ ಪರವಾಗಿಲ್ಲ. ಆದರೆ ಚಿಕ್ಕ ಮಕ್ಕಳು ಹಿಂದೆ ಕೂರುವ ಕಾರಿನಲ್ಲಿ ತಲೆ ಮೇಲೆ ಪಿನ್ ಬೇಡ.

ಜೆ.ಸಿ. ರಸ್ತೆ ಗೊತ್ತಿಲ್ಲದವರಿಗೆ: ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ತನಕ ಎರಡೂ ಕಡೆ ಕಾರಿನ ಸಾಮಾನಿನ ಅಂಗಡಿಗಳೇ. ಮುಖ್ಯರಸ್ತೆಯಲ್ಲಿ ಸ್ಟೀರಿಯೋ, ಸೀಟ್ ಕವರ್, ಅಲಾಯ್ ವೀಲ್. ಕುಶನ್ ಕೆಲಸ ಕೈಯಾರೆ ಮಾಡುವವರು ಹೆಚ್ಚಾಗಿ ಒಳಗಿನ ಅಡ್ಡರಸ್ತೆಗಳಲ್ಲಿ ಸಿಗುತ್ತಾರೆ. ಮುಖ್ಯರಸ್ತೆಯ ಒಂದು ಅಂಗಡಿಯಲ್ಲಿ ಕೇಳಿದಾಗ 2,500 ರೂಪಾಯಿ, ಒಂದೇ ಗಂಟೆ, ಕಾರಿನೊಳಗೇ ಕೂತು ಹಳೇ ಬಟ್ಟೆ ಮೇಲೆ ಹೊಸದು ಅಂಟಿಸಿ ಕೊಡುತ್ತೇವೆ ಅಂದರು. ಬೇಡ ಅಂತ ಬಂದೆ. ನಾನು ಕೊನೆಗೆ ಕೊಟ್ಟಿದ್ದು ಅಡ್ಡರಸ್ತೆಯ ಸಣ್ಣ ಅಂಗಡಿಗೆ. ಒಂದು ಹೊಲಿಗೆ ಮಿಷನ್, ಗೋಡೆಗೆ ಒರಗಿಸಿದ ರೆಕ್ಸಿನ್ ಥಾನುಗಳು, ಒಬ್ಬ ಹಿರಿಯ ಮೇಸ್ತ್ರಿ, ಇಬ್ಬರು ಹುಡುಗರು. ಮೇಸ್ತ್ರಿ ಬಾಗಿಲು ತೆಗೆದು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದರು. ಬೆರಳಿಗೆ ಹಳದಿ ಪುಡಿ ಬಂತು. ನನಗೂ ತೋರಿಸಿ, "ಸಾರ್, ಬೋರ್ಡ್ ಹೊರಗೆ ತೆಗೀಬೇಕು. ತೆಗೀದೆ ಮಾಡಿ ಅಂದ್ರೆ ನಾನು ಮಾಡಲ್ಲ, ಬೇರೆ ಕಡೆ ಕೇಳಿ" ಅಂದರು. ಅಲ್ಲೇ ಒಪ್ಪಿಕೊಂಡೆ.

ಬೋರ್ಡ್ ತೆಗೆಯುವುದೇ ಅರ್ಧ ಕೆಲಸ. ಮೊದಲು ಬ್ಯಾಟರಿ ವೈರ್ ಬಿಚ್ಚಿದರು. ಆಮೇಲೆ ಸನ್ ವೈಸರ್, ಕೈಹಿಡಿ, ಲೈಟು, ಬಾಗಿಲ ಸುತ್ತಿನ ರಬ್ಬರ್ ಬೀಡಿಂಗ್, ರೂಫನ್ನು ಹೊತ್ತ ಮೂರೂ ಪಿಲ್ಲರಿನ (ಗಾಜುಗಳ ನಡುವಿನ ಕಂಬಗಳ) ಪ್ಲಾಸ್ಟಿಕ್ಕು. ಹಳೇ ಕಾರಿನ ಪ್ಲಾಸ್ಟಿಕ್ ಕ್ಲಿಪ್ಪುಗಳು ಒಣಗಿ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಇಲ್ಲೂ ಒಂದಷ್ಟು ಮುರಿದವು, ಅವರ ಡಬ್ಬದಲ್ಲಿದ್ದ ಹೊಸವನ್ನೇ ಹಾಕಿದರು, ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ. ನಮ್ಮ ಕಾರಿನಲ್ಲಿ ಪಕ್ಕದ ಕರ್ಟನ್ ಏರ್‌ಬ್ಯಾಗ್ ಇಲ್ಲ. ನಿಮ್ಮದರಲ್ಲಿ ಇದ್ದರೆ ಕಾರು ಕೊಡುವ ಮೊದಲೇ ಹೇಳಿ. ಅವು ಇರುವುದೇ ಆ ಲೈನಿಂಗಿನ ಅಂಚಿನ ಮೇಲೆ. ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ಕೈ ಹಾಕಬೇಕು, ಅದು ಗೊತ್ತಿರುವವರಿಗೆ ಮಾತ್ರ ಕೊಡಿ. ಮುಂದಿನ ಸೀಟುಗಳನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಇಬ್ಬರು ಹಿಡಿದು, ಬೋರ್ಡನ್ನು ಓರೆ ಮಾಡಿ ಮುಂದಿನ ಎಡ ಬಾಗಿಲಿನಿಂದ ಈಚೆ ತಂದರು. ಒಬ್ಬರೇ ಎಳೆದರೆ ನಡುವೆ ಮಡಚಿ ಗೆರೆ ಬೀಳುತ್ತದೆ. ಆ ಗೆರೆ ಮುಂದೆ ಎಂಥ ಬಟ್ಟೆ ಹಾಕಿದರೂ ಕಾಣುತ್ತದೆ.

ಬೋರ್ಡನ್ನು ಎರಡು ಸ್ಟೂಲಿನ ಮೇಲೆ ಬೋರಲಾಗಿ ಇಟ್ಟು ಹಳೇ ಬಟ್ಟೆ ಎಳೆದರು. ಒಂದೇ ಎಳೆತಕ್ಕೆ ಬಂತು, ಯಾಕೆಂದರೆ ಅದನ್ನು ಹಿಡಿದುಕೊಂಡಿದ್ದೇನೂ ಇರಲಿಲ್ಲ. ಕೆಳಗೆ ಉಳಿದ ಫೋಮ್ ನೋಡಬೇಕು ನೀವು. ಕೆಲವು ಕಡೆ ಒಣ ಪುಡಿ, ಕೆಲವು ಕಡೆ ಕೈಗೆ ಮೆತ್ತುವ ಜಿಗಟು. ನಾನು ಇಡೀ ದಿನದಲ್ಲಿ ಗಮನ ಇಟ್ಟು ನೋಡಿದ್ದು ಇದನ್ನೇ. ಹುಡುಗ ಮೂಗಿಗೆ ಬಟ್ಟೆ ಕಟ್ಟಿಕೊಂಡು, ನೈಲಾನ್ ಬ್ರಷ್ ಹಿಡಿದು, ಮುಂದಿನಿಂದ ಹಿಂದಕ್ಕೆ ಉಜ್ಜುತ್ತಾ ಹೋದ. ಒಂದು ಸುತ್ತು ಉಜ್ಜಿ, ಕಂಪ್ರೆಸರ್ ಗಾಳಿ ಹೊಡೆದು, ಅಂಗೈಯಿಂದ ಸವರಿ ನೋಡಿ, ಮತ್ತೆ ಉಜ್ಜಿದ. ವೈಸರ್ ಕೂರುವ ಗುಳಿಗಳಲ್ಲಿ ಬ್ರಷ್ ಹೋಗುವುದಿಲ್ಲ, ಅಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೆರೆದ. ಗಟ್ಟಿಯಾಗಿ ಕೆರೆದರೆ ಬೋರ್ಡಿನ ಮೇಲ್ಪದರವೇ ಕಿತ್ತು ಬರುತ್ತದೆ, ಮೆತ್ತಗೆ ಕೆರೆದರೆ ಫೋಮ್ ಉಳಿಯುತ್ತದೆ. ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು. ಹೊಸ ಬಟ್ಟೆ ಎಷ್ಟು ವರ್ಷ ನಿಲ್ಲುತ್ತದೆ ಅನ್ನೋದು ಈ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ. ಕಡಿಮೆ ರೇಟು ಹೇಳುವವರು ಉಳಿಸುವುದೂ ಇದೇ ಹೊತ್ತನ್ನು. ಲೈಟಿನ ತೂತಿನ ಹತ್ತಿರ ಒಂದು ಬಿರುಕಿತ್ತು, ಅದರ ಹಿಂದೆ ಫೈಬರ್ ತುಂಡು ಇಟ್ಟು ರೆಸಿನ್ ಬಳಿದು ಗಟ್ಟಿ ಮಾಡಿದರು.

ಬಟ್ಟೆ ಆರಿಸುವಾಗ ಗಡಿಬಿಡಿ ಬೇಡ. ಫೋಮ್ ಕೂಡಿದ ರೂಫ್ ಬಟ್ಟೆಯನ್ನೇ ಕೇಳಿ. ಫೋಮ್ ಇಲ್ಲದ ತೆಳು ಬಟ್ಟೆ ಹಾಕಿದರೆ ಬೋರ್ಡಿನ ಪ್ರತಿ ಗುಂಡಿ, ಗೀರು ಎದ್ದು ಕಾಣುತ್ತದೆ. ರೆಕ್ಸಿನ್ ತೂಕ ಜಾಸ್ತಿ, ಬಾಗು ಇರುವ ಕಡೆ ಸರಿಯಾಗಿ ಕೂರುವುದೂ ಇಲ್ಲ, ನನಗೆ ಇಷ್ಟವಿಲ್ಲ. ಸ್ವೇಡ್ ನೋಡಲು ಸೊಗಸು, ಬೆಲೆಯೂ ಹಾಗೇ. ನಾನು ಹಾಕಿಸಿದ್ದು ತಿಳಿ ಬೂದು ಬಣ್ಣದ ಸಾದಾ ಬಟ್ಟೆ.

ಅಂಟಿಸುವುದು ನೋಡಲು ಖುಷಿ ಕೊಡುವ ಭಾಗ. ಬಿಸಿಲಿಗೆ ತಡೆಯುವ ಕಾಂಟ್ಯಾಕ್ಟ್ ಅಂಟನ್ನು ಬೋರ್ಡಿಗೂ ಬಟ್ಟೆಯ ಫೋಮಿಗೂ ಎರಡಕ್ಕೂ ಗನ್ನಿನಲ್ಲಿ ಹೊಡೆದರು. ಆಮೇಲೆ ಸುಮ್ನೆ ಬಿಟ್ಟರು. ಮೇಸ್ತ್ರಿ ಆಗಾಗ ಬೆರಳ ಹಿಂಬದಿ ತಾಗಿಸಿ ನೋಡುತ್ತಿದ್ದರು. ಅಂಟು ಬೆರಳಿಗೆ ಹತ್ತಬಾರದು, ಆದರೆ ಎಳೆದ ಹಾಗೆ ಅನಿಸಬೇಕು, ಅದು ಹದ. ಹಸಿ ಇದ್ದಾಗಲೇ ಕೂರಿಸಿದರೆ ಅಂಟು ಫೋಮನ್ನು ನೆನೆಸಿ ಈಚೆಗೆ ಬರುತ್ತದೆ. ಹದ ಬಂದ ಮೇಲೆ ಬಟ್ಟೆಯನ್ನು ಅರ್ಧಕ್ಕೆ ಮಡಚಿ, ಬೋರ್ಡಿನ ನಡುವಿನಿಂದ ಶುರು ಮಾಡಿ, ಅಂಗೈಯಿಂದ ಅಂಚಿನ ಕಡೆಗೆ ಸವರುತ್ತಾ ಹೋದರು. ಗುಳಿ ಬಂದಲ್ಲಿ ಬಟ್ಟೆಯನ್ನು ಬಿಗಿಯಾಗಿ ಎಳೆಯಲಿಲ್ಲ. ಮೊದಲು ಗುಳಿಯ ತಳಕ್ಕೆ ಬೆರಳಿಂದ ಒತ್ತಿ ಕೂರಿಸಿ, ಆಮೇಲೆ ಅದರ ಸುತ್ತ ಬಂದರು. ಎಳೆದು ಅಂಟಿಸಿದ ಬಟ್ಟೆ ಬಿಸಿಲಿಗೆ ಗುಳಿಯಿಂದಲೇ ಮೊದಲು ಏಳುತ್ತದೆ. ಅಂಚನ್ನು ಬೋರ್ಡಿನ ಹಿಂದಕ್ಕೆ ಮಡಚಿ ಅಂಟಿಸಿ, ಲೈಟಿನ ತೂತಲ್ಲಿ ಬ್ಲೇಡಿನಿಂದ ನಕ್ಷತ್ರದ ಆಕಾರಕ್ಕೆ ಕೊಯ್ದು ಆ ತುದಿಗಳನ್ನೂ ಹಿಂದಕ್ಕೆ ಒತ್ತಿದರು. ರಾತ್ರಿಯೆಲ್ಲಾ ಒಣಗಲು ಬಿಟ್ಟು ಮಾರನೇ ದಿನ ಕಾರಿಗೆ ಕೂರಿಸಿದರು.

ಇನ್ನು ತಕರಾರು. ಸಂಜೆಗೇ ಕೊಡುತ್ತೇವೆ ಅಂದಿದ್ದರು, ಮಾರನೇ ಸಂಜೆ ಆಯಿತು. ಒಣಗಲು ಬಿಟ್ಟಿದ್ದು ಒಳ್ಳೆಯದೇ, ಆದರೆ ಅದನ್ನು ಮೊದಲೇ ಹೇಳಬೇಕಿತ್ತು, ವಾಪಸ್ ಹೋಗಲು ನಾನು ಆಟೋ ಹುಡುಕಬೇಕಾಯಿತು. ಹಿಂದಿನ ಎಡ ಕೈಹಿಡಿಯ ಹತ್ತಿರ ಬೆರಳಗಲದ ಒಂದು ಸುಕ್ಕಿದೆ, ಹತ್ತಿರ ಹೋಗಿ ನೋಡಿದರೆ ಕಾಣುತ್ತದೆ. ರೂಫಿನ ಹಿಂದಿನ ಲೈಟು ಉರಿಯುತ್ತಿರಲಿಲ್ಲ, ವೈರ್ ಕೂರಿಸಿರಲಿಲ್ಲ. ಅದನ್ನು ಅಲ್ಲೇ ಹೇಳಿದ ತಕ್ಷಣ ಸರಿ ಮಾಡಿದರು. ಅಂಟಿನ ವಾಸನೆ ಒಂದು ವಾರ ಇತ್ತು, ಕಿಟಕಿ ಇಳಿಸಿಕೊಂಡೇ ಓಡಿಸಿದೆವು. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಆ ವಾರ ಅವರನ್ನು ಕೂರಿಸಬೇಡಿ.

ಬಣ್ಣದ ವಿಷಯ ಸ್ವಲ್ಪ ಗಂಭೀರ. ಹೊಸ ಬಟ್ಟೆ ಪಕ್ಕದಲ್ಲಿ ಹಳೇ ವೈಸರ್ ಕೊಳಕಾಗಿ ಕಂಡಿತು. ಅವಕ್ಕೂ ಅದೇ ಬಟ್ಟೆ ಹೊದಿಸಿದರು, 800 ರೂಪಾಯಿ ಹೆಚ್ಚಿಗೆ. ಪಿಲ್ಲರಿನ ಬಣ್ಣ ಮಾತ್ರ ಈಗಲೂ ಒಂದು ಛಾಯೆ ಬೇರೆ. ಇದು ಅಂಗಡಿಯ ತಪ್ಪಲ್ಲ. ಇಷ್ಟು ವರ್ಷ ಬಿಸಿಲು ಕಂಡ ಬಣ್ಣಕ್ಕೆ ಹೊಸ ಥಾನು ಪೂರ್ತಿ ಹೊಂದುವುದು ಕಷ್ಟ. ಆದರೂ ಥಾನಿನ ತುಂಡನ್ನು ಕಾರಿನೊಳಗೆ ಹಗಲು ಬೆಳಕಲ್ಲಿ ಹಿಡಿದು ನೋಡಿ ಆರಿಸಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಎಲ್ಲ ಬೂದುಗಳೂ ಒಂದೇ ಥರ ಕಾಣುತ್ತವೆ.

ರೂಫಿಗೆ ಬಟ್ಟೆ, ಅಂಟು, ಕೂಲಿ ಎಲ್ಲಾ ಸೇರಿ 6,500 ರೂಪಾಯಿ ತೆಗೆದುಕೊಂಡರು. ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದ್ದಾಗ ಬಟ್ಟೆ ಮಾತ್ರ ಬದಲಾಯಿಸುವುದಿಲ್ಲ, ಇಡೀ ಬೋರ್ಡೇ ತರಿಸಬೇಕು ಅಂದು ಇದರ ನಾಲ್ಕೈದು ಪಟ್ಟು ಹೇಳಿದ್ದರು. ಹೊಸ ಬೋರ್ಡಿನಲ್ಲೂ ಇರುವುದು ಅದೇ ಥರದ ಫೋಮ್ ಅಲ್ವಾ, ಅಷ್ಟು ದುಡ್ಡು ಕೊಡಲು ನನಗೆ ಕಾರಣ ಕಾಣಲಿಲ್ಲ. ಒಂದು ವರ್ಷ ಗ್ಯಾರಂಟಿ ಅಂದಿದ್ದಾರೆ. ಮೊದಲು ಬಾಯಿಮಾತಲ್ಲೇ ಇತ್ತು, ಕೇಳಿದ ಮೇಲೆ ಬಿಲ್ಲಿನ ಹಿಂದೆ ಬರೆದು ಸಹಿ ಹಾಕಿಕೊಟ್ಟರು. ನೀವೂ ಕೇಳಿ ಬರೆಸಿಕೊಳ್ಳಿ.

ಹೋಗುವುದಾದರೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಹೋಗಿ. ಹನ್ನೊಂದು ದಾಟಿದರೆ ಆ ಅಡ್ಡರಸ್ತೆಯಲ್ಲಿ ಕಾರು ನಿಲ್ಲಿಸಲು ಜಾಗವೇ ಇರುವುದಿಲ್ಲ, ಬೋರ್ಡ್ ತೆಗೆಯಲು ನಾಲ್ಕೂ ಬಾಗಿಲು ಪೂರ್ತಿ ತೆರೆಯುವಷ್ಟು ಜಾಗ ಬೇಕು. ಮಳೆ ಮೋಡ ಇರುವ ದಿನ ಬೇಡ, ಅಂಟು ಹದಕ್ಕೆ ಬರುವುದು ನಿಧಾನ. ಡ್ಯಾಶ್‌ಬೋರ್ಡಿಗೂ ಸೀಟಿಗೂ ಹೊದಿಸಲು ಮನೆಯಿಂದ ಎರಡು ಹಳೇ ಬೆಡ್‌ಶೀಟ್ ತೆಗೆದುಕೊಂಡು ಹೋಗಿ, ಆ ಹಳದಿ ಪುಡಿ ಏಸಿ ಕಿಂಡಿಯೊಳಗೆ ಹೋದರೆ ತೆಗೆಯುವುದು ಬಹಳ ಕಷ್ಟ.