ಡಿಬಿ (ಡೇಟಾಬೇಸ್) ಅಡ್ಮಿನ್ ಕಣ್ಣಿಂದ ಡೇಟಾ ಕಾಪಾಡೋದು: ಪಿಜಿಆಡಿಟ್, ಪಿಜಿಕ್ರಿಪ್ಟೋ, ಆ್ಯಪ್ ಕಡೆ ಎನ್‌ಕ್ರಿಪ್ಷನ್ ಮೂರೂ ನೋಡಿದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನನ್ನ ಓಟು ಆ್ಯಪ್ ಕಡೆನೇ ಎನ್‌ಕ್ರಿಪ್ಟ್ ಮಾಡೋದಕ್ಕೆ, ಅಂದ್ರೆ ಕೀ ಅನ್ನೋ ಗುಟ್ಟಿನ ಸಂಕೇತ ಇಲ್ದೆ ಓದೋಕಾಗದ ಹಾಗೆ ಮಾಡೋದಕ್ಕೆ. ನಮ್ದು ಸಣ್ಣ ಪತ್ತಿನ ಸಹಕಾರ ಸಂಘ, ಸುಮಾರು 9 ಸಾವಿರ ಸದಸ್ಯರು, ಎಲ್ಲಾ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಮೇಲೆ ಓಡುತ್ತೆ. ಹೋದ ವರ್ಷ ಸದಸ್ಯರಿಗೆ ಎಲ್ಲಿಂದಲೋ ಫೋನ್ ಬರೋಕೆ ಶುರುವಾಯ್ತು, ಯಾರ ಠೇವಣಿ ಯಾವ ತಿಂಗಳು ಮುಗಿಯುತ್ತೆ ಅನ್ನೋದೂ ಅವ್ರಿಗೆ ಗೊತ್ತು. ಆಮೇಲೆ ನೋಡಿದ್ರೆ ಸರ್ವರ್ ನೋಡ್ಕೊಳ್ತಿದ್ದವ್ರೇ ಟೇಬಲ್ ಪೂರ್ತಿ ಕಾಪಿ ಮಾಡ್ಕೊಂಡಿದ್ರು, ಅದೂ ಕೆಲ್ಸಕ್ಕೆ ಅಂತ ನಾವೇ ಕೊಟ್ಟಿದ್ದ ಲಾಗಿನ್‌ನಲ್ಲಿ. ವಯಸ್ಸಾದ ಅಮ್ಮ ಒಬ್ರು ಕೌಂಟರ್‌ಗೆ ಬಂದು 'ನನ್ನ ನಂಬರ್ ನೀವೇ ಕೊಟ್ರೇನಪ್ಪಾ' ಅಂತ ಕೇಳಿದ್ದು ಇನ್ನೂ ಮನಸ್ಸಲ್ಲಿದೆ.

ಡೇಟಾಬೇಸ್‌ನಲ್ಲಿ ಯಾರು ಏನು ಮಾಡಿದ್ರು ಅಂತ ಲಾಗ್‌ನಲ್ಲಿ ಬರೆದಿಡೋ ಪಿಜಿಆಡಿಟ್ ಮೊದ್ಲು ಹಾಕಿದ್ದು. ಒಂದ್ಸಲ ಸರ್ವರ್ ರೀಸ್ಟಾರ್ಟ್ ಮಾಡ್ಬೇಕು, ದುಡ್ಡು ಕೊಡ್ಬೇಕಾಗಿಲ್ಲ. ಆದ್ರೆ ಸೂಪರ್‌ಯೂಸರ್ (ಎಲ್ಲಾ ಅಧಿಕಾರ ಇರೋ ಲಾಗಿನ್) ಆದವ್ನು ತನ್ನ ಸೆಷನ್‌ನಲ್ಲೇ ಅದನ್ನ ಆಫ್ ಮಾಡ್ಕೋಬಹುದು, ಲಾಗ್ ಫೈಲೂ ಅದೇ ಮಷೀನ್‌ನಲ್ಲಿ ಅವನ ಕೈಗೇ ಸಿಗುತ್ತೆ. ಅದಕ್ಕೆ ಲಾಗ್‌ನ ಸಿಸ್‌ಲಾಗ್ (ಲಾಗ್ ಕಳಿಸೋ ವ್ಯವಸ್ಥೆ) ಮೂಲಕ ಬೇರೆ ಮಷೀನ್‌ಗೆ ಕಳಿಸ್ತಿದೀನಿ, ಅದರ ಲಾಗಿನ್ ಅಡ್ಮಿನ್ ಹತ್ರ ಇಲ್ಲ. ಹೇಗೂ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನದ ಪ್ರಕಾರ ಲಾಗ್ 180 ದಿನ ಇಡ್ಲೇಬೇಕು. ಆದ್ರೂ ಇದು ಯಾರು ನೋಡಿದ್ರು ಅಂತ ಹೇಳುತ್ತೆ ಅಷ್ಟೇ, ನೋಡೋದನ್ನ ತಡೆಯಲ್ಲ.

ತಡೀಬೇಕು ಅಂತ ಡೇಟಾಬೇಸ್ ಒಳಗೇ ಎನ್‌ಕ್ರಿಪ್ಟ್ ಮಾಡೋ ಪಿಜಿಕ್ರಿಪ್ಟೋಗೆ ಹೋದೆ. ಫೋನ್, ಪ್ಯಾನ್, ಆಧಾರ್ ಮೂರೂ ಕಾಲಂ ಎನ್‌ಕ್ರಿಪ್ಟ್ ಮಾಡಿ, ಕೀನ ಆ್ಯಪ್‌ನಿಂದ ಕ್ವೆರಿ (ಡೇಟಾಬೇಸ್‌ಗೆ ಕೊಡೋ ಆದೇಶ) ಜೊತೆ ಕಳಿಸ್ತಿದ್ದೆ. ಎರಡು ವಾರ ನೆಮ್ಮದಿಯಾಗಿದ್ದೆ. ಒಂದಿನ ಬೇರೆ ಏನೋ ಹುಡುಕೋಕೆ ಆಡಿಟ್ ಲಾಗ್ ತೆಗೆದ್ರೆ, ಪ್ರತಿ ಸಾಲಲ್ಲೂ ನಮ್ಮ ಕೀ ಕಣ್ಣಿಗೆ ಹೊಡೆಯೋ ಹಾಗೆ ಕೂತಿದೆ! ಪೂರ್ತಿ ವಿವರ ಇರ್ಲಿ ಅಂತ ಪಿಜಿಆಡಿಟ್‌ನಲ್ಲಿ ಪ್ಯಾರಾಮೀಟರ್ (ಕ್ವೆರಿ ಜೊತೆ ಬೇರೆಯಾಗಿ ಹೋಗೋ ಮೌಲ್ಯ) ಲಾಗಿಂಗ್ ಆನ್ ಮಾಡಿದ್ದೆ, ಕೀ ಹೋಗ್ತಿದ್ದಿದ್ದೇ ಪ್ಯಾರಾಮೀಟರ್ ಆಗಿ.

ಅದನ್ನ ಆಫ್ ಮಾಡ್ದೆ, ಹೊಸ ಕೀ ಹಾಕಿ ಎಲ್ಲಾ ಸಾಲುಗಳನ್ನೂ ಮತ್ತೆ ಎನ್‌ಕ್ರಿಪ್ಟ್ ಮಾಡ್ದೆ, ಒಂದು ಭಾನುವಾರ ಅದಕ್ಕೇ ಹೋಯ್ತು. ಮುಂದಿನ ವಾರ ಸ್ಲೋ ಕ್ವೆರಿ ಲಾಗ್‌ನಲ್ಲಿ ಹೊಸ ಕೀ. ತಡವಾದ ಕ್ವೆರಿನ ಪೋಸ್ಟ್‌ಗ್ರೆಸ್ ಲಾಗ್ ಮಾಡುವಾಗ ಪ್ಯಾರಾಮೀಟರ್ ಮೌಲ್ಯಗಳನ್ನೂ ಪೂರ್ತಿ ಬರೆಯುತ್ತೆ, ಡೀಫಾಲ್ಟೇ ಹಾಗೆ, 13ನೇ ವರ್ಷನ್‌ನಿಂದ ಅದನ್ನ ಸೊನ್ನೆ ಮಾಡೋ ಸೆಟ್ಟಿಂಗ್ ಇದೆ. ಅದನ್ನೂ ಮಾಡ್ದೆ. ಆದ್ರೆ ಆ ಸೆಟ್ಟಿಂಗ್ ಎಲ್ಲಾ ತಿರುಗಿ ಆನ್ ಮಾಡೋ ಅಧಿಕಾರ ಯಾರಿಗಿದೆ? ಯಾರಿಂದ ಕಾಪಾಡ್ಬೇಕೋ ಅವ್ರಿಗೇ. ಕೀ ಒಂದು ಕ್ಷಣಕ್ಕಾದ್ರೂ ಡಿಬಿ ಸರ್ವರ್‌ಗೆ ಬರ್ತಿದೆ ಅಂದ್ರೆ ಎಲ್ಲಿ ತೇಪೆ ಹಚ್ಚಿದ್ರೂ ಅಷ್ಟೇ.

ಈಗ ಆ್ಯಪ್‌ನಲ್ಲೇ ಎನ್‌ಕ್ರಿಪ್ಟ್ ಆಗಿ ಹೋಗುತ್ತೆ, ಆ್ಯಪ್ ಸರ್ವರ್ ಲಾಗಿನ್ ಬೇರೆಯವ್ರ ಹತ್ರ. ಕಷ್ಟ ಇರೋದು ಹುಡುಕೋದ್ರಲ್ಲಿ. ಫೋನ್ ನಂಬರ್ ಹತ್ತೇ ಅಂಕಿ, ಬರೀ ಹ್ಯಾಶ್ (ನಂಬರ್‌ನಿಂದ ಲೆಕ್ಕ ಹಾಕಿದ, ವಾಪಸ್ ತಿರುಗಿಸೋಕಾಗದ ಗುರುತು) ಇಟ್ರೆ ಎಲ್ಲಾ ನಂಬರ್ ಹಾಕಿ ನೋಡಿ ಕಂಡುಹಿಡೀಬಹುದು, ಹಾಗಾಗಿ ಬೇರೊಂದು ಕೀ ಸೇರಿಸಿ ಮಾಡಿದ ಹ್ಯಾಶ್, ಅಂದ್ರೆ ಎಚ್‌ಮ್ಯಾಕ್, ಅದರ ಕಾಲಂ ಇಟ್ಟು ಇಂಡೆಕ್ಸ್ ಮಾಡಿದೀನಿ. ಪೂರ್ತಿ ನಂಬರ್ ಹೊಡೆದ್ರೆ ಸಿಗುತ್ತೆ, ಅರ್ಧ ನಂಬರ್ ಹೊಡೆದ್ರೆ ಇಲ್ಲ, ಕೌಂಟರ್‌ನವ್ರು ಒಗ್ಗಿಕೊಳ್ಳೋಕೆ ಒಂದು ತಿಂಗಳು ಹಿಡೀತು.

ಒರಾಕಲ್ ಅನ್ನೋ ಬೇರೆ ಡೇಟಾಬೇಸ್‌ನಲ್ಲಿ ಡೇಟಾಬೇಸ್ ವಾಲ್ಟ್ ಅಂತಿದೆ, ಅಡ್ಮಿನ್ ಡೇಟಾ ನೋಡೋದನ್ನ ತಡೆಯೋಕಂತಲೇ ಇರೋದು, ಆದ್ರೆ ಎಂಟರ್‌ಪ್ರೈಸ್ ಎಡಿಷನ್ ಮೇಲೆ ಮತ್ತೆ ಲೈಸೆನ್ಸ್, ನಮ್ಮ ಕೈಗೆಟಕಲ್ಲ. ಟಿಡಿಇ (ಡಿಸ್ಕ್ ಮೇಲಿನ ಡೇಟಾ ಫೈಲ್‌ಗಳನ್ನ ಡೇಟಾಬೇಸೇ ಎನ್‌ಕ್ರಿಪ್ಟ್ ಮಾಡೋದು) ಡಿಸ್ಕ್ ಕಳುವಾದ್ರೆ ಕಾಪಾಡುತ್ತೆ, ಲಾಗಿನ್ ಇರೋ ಅಡ್ಮಿನ್‌ಗೆ ಡೇಟಾ ಬಿಚ್ಚೇ ಕೊಡುತ್ತೆ.

ಅಡ್ಮಿನ್ ಸಾಲು ಅಳಿಸೋದನ್ನ ಎನ್‌ಕ್ರಿಪ್ಷನ್ ತಡೆಯಲ್ಲ, ಅದಕ್ಕೆ ಪಿಜಿಆಡಿಟ್ ತೆಗೆದಿಲ್ಲ. ಕೀ ಕಳೆದ್ರೆ ಡೇಟಾನೂ ಹೋಯ್ತು, ಹಾಗಾಗಿ ಒಂದು ಪ್ರತಿ ಸೀಲ್ ಮಾಡಿದ ಕವರ್‌ನಲ್ಲಿ ಕಾರ್ಯದರ್ಶಿಗಳ ಬೀರುವಿನಲ್ಲಿದೆ. ನೀವೂ ಮಾಡೋದಾದ್ರೆ ಹಳೇ ಬ್ಯಾಕಪ್ ಮರೀಬೇಡಿ, ಅದ್ರಲ್ಲಿ ನಂಬರ್ ಎಲ್ಲಾ ಬಿಚ್ಚಿದ ಹಾಗೇ ಇರುತ್ತೆ, ನಾವು ಅವನ್ನ ಬೇರೆ ಹಾರ್ಡ್‌ಡಿಸ್ಕ್‌ಗೆ ಹಾಕಿ ಅದೇ ಬೀರುವಿನಲ್ಲಿಟ್ಟು, ಸರ್ವರ್‌ನಿಂದ ಅಳಿಸಿದ್ವಿ.